ಮುಚ್ಚಿದ ಕಡತಕ್ಕೆ ನಿಮ್ಮದೊಂದು ಮಾತು ಬೇಕು

ಕೊಲೆಯ ಕತೆ ಕೇಳುವ ಕುತೂಹಲ ನಮ್ಮ ಜನಕ್ಕೆ ಹೊಸದಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಪಠ್ಯಪುಸ್ತಕದ ಒಳಗೆ ಬಚ್ಚಿಟ್ಟುಕೊಂಡು ಓದಿದವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಅವರ ಮಕ್ಕಳು ರವಿ ಬೆಳಗೆರೆಯವರ ‘ಕ್ರೈಂ ಡೈರಿ’ ಶುರುವಾಗುವ ಹೊತ್ತಿಗೆ ಊಟ ಮುಗಿಸಿ ಟಿ.ವಿ. ಮುಂದೆ ಕೂರುತ್ತಿದ್ದರು. ಮೊಮ್ಮಕ್ಕಳು ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಡ್‌ಕಾಸ್ಟ್ ಕೇಳುತ್ತಾರೆ. ನಾನೂ ಈ ಬಳಗಕ್ಕೆ ಸೇರಿದವನೇ. ಪತ್ತೆಯಾಗದ ಕೊಲೆ, ವರ್ಷಗಳ ಮೇಲೆ ಅದರ ಕಡತ ಬಿಚ್ಚಿ ಕೂತ ಅಧಿಕಾರಿ, ಇಂಥ ಸುದ್ದಿ ಕಣ್ಣಿಗೆ ಬಿದ್ದರೆ ಕೈಲಿದ್ದ ಕೆಲಸ ಬಿಟ್ಟು ಓದುತ್ತೇನೆ. ನೀವೂ ಹಾಗೆಯೇ ಇರಬಹುದು.

ಈ ಕುತೂಹಲಕ್ಕೆ ನಾವು ನಾಚಬೇಕಾಗಿಲ್ಲ. ಸತ್ತವರು ನಮ್ಮ ನೆಂಟರಲ್ಲ, ಪರಿಚಯದವರೂ ಅಲ್ಲ. ಆದರೂ ಆ ಸಾವು ಮನಸ್ಸಿನಿಂದ ಹೋಗುವುದಿಲ್ಲ. ಒಂದು ಜೀವ ತೆಗೆದವರು ಯಾರಿಗೂ ಉತ್ತರ ಕೊಡದೆ ಓಡಾಡಿಕೊಂಡಿದ್ದಾರಲ್ಲ ಎಂಬ ಕಸಿವಿಸಿ ಅದು. ಆ ಕಸಿವಿಸಿ ಒಳ್ಳೆಯ ಮನಸ್ಸಿನ ಲಕ್ಷಣ. ಕತೆ ಮುಗಿದ ಮೇಲೂ ಅದನ್ನು ಉಳಿಸಿಕೊಳ್ಳಿ, ಒಂದು ಕೆಲಸಕ್ಕೆ ಹಚ್ಚಿ ಎಂದು ಕೇಳಿಕೊಳ್ಳುವುದಕ್ಕೇ ಈ ಬರಹ.

ಹಳೆಯ ಕೊಲೆ ಪ್ರಕರಣಗಳು ಮತ್ತೆ ತೆರೆದುಕೊಂಡ ಬಗೆಯನ್ನು ನೋಡುತ್ತ ಹೋದಂತೆ ಒಂದು ಸಂಗತಿ ಎದ್ದು ಕಾಣುತ್ತದೆ. ತನಿಖಾಧಿಕಾರಿಯ ಜಾಣ್ಮೆ, ಛಲ ಇದ್ದೇ ಇರುತ್ತವೆ. ಆದರೆ ಅದಕ್ಕೂ ಮೊದಲು ಯಾರೋ ಒಬ್ಬ ಸಾಮಾನ್ಯ ಮನುಷ್ಯ ತನ್ನ ಪಾಲಿನ ಚಿಕ್ಕ ಕೆಲಸ ಮಾಡಿ ಮುಗಿಸಿರುತ್ತಾನೆ. ಒಬ್ಬರು ಬಿಡದೆ ಕೇಳಿರುತ್ತಾರೆ. ಒಬ್ಬರು ಗೊತ್ತಿದ್ದುದನ್ನು ಹೇಳಿರುತ್ತಾರೆ. ಒಬ್ಬರು ಇಡಬೇಕಾದ್ದನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಈ ಯಾವುದಕ್ಕೂ ಖಾಕಿ ಬಟ್ಟೆ ಬೇಕಾಗಿಲ್ಲ.

ಬೆಂಗಳೂರಿನದೇ ಒಂದು ಪ್ರಕರಣ ನೆನಪಿಸಿಕೊಳ್ಳಿ. ಶಾಕಿರೆ ಖಲೀಲಿ ಅವರು ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. 1991ರ ಬೇಸಿಗೆಯಲ್ಲಿ ರಿಚ್‌ಮಂಡ್ ರಸ್ತೆಯ ಮನೆಯಿಂದ ಕಾಣೆಯಾದರು. ಅವರ ಎರಡನೇ ಪತಿ ಸ್ವಾಮಿ ಶ್ರದ್ಧಾನಂದ ಎಂದು ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರ. ಕೇಳಿದವರಿಗೆಲ್ಲ ಆತ ಒಂದೊಂದು ಉತ್ತರ ಕೊಟ್ಟ. ಪರಊರಿಗೆ ಹೋಗಿದ್ದಾರೆ ಎಂದ. ಹೆರಿಗೆಗೆಂದು ಅಮೆರಿಕಕ್ಕೆ ಹೋಗಿದ್ದಾರೆ ಎಂದ, ನ್ಯೂಯಾರ್ಕಿನ ಆಸ್ಪತ್ರೆಯೊಂದರ ಹೆಸರನ್ನೂ ಹೇಳಿದ.

ಮುಂಬೈಯಲ್ಲಿದ್ದ ಮಗಳು ಅಷ್ಟಕ್ಕೆ ಸಮಾಧಾನಪಡಲಿಲ್ಲ. ಆ ಆಸ್ಪತ್ರೆಯಲ್ಲಿ ವಿಚಾರಿಸಿದರು. ಅಂಥ ಹೆಸರಿನವರು ಅಲ್ಲಿ ದಾಖಲಾಗಿರಲಿಲ್ಲ. ಒಮ್ಮೆ ಮುಂಬೈಯ ಹೋಟೆಲಿನಲ್ಲಿ ಆತನ ಬಳಿಯೇ ತಾಯಿಯ ಪಾಸ್‌ಪೋರ್ಟ್ ಅವರ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ಇಲ್ಲಿದೆ ಎಂದ ಮೇಲೆ ತಾಯಿ ಅಮೆರಿಕದಲ್ಲಿರುವುದು ಹೇಗೆ? 1992ರ ಜೂನ್‌ನಲ್ಲಿ ಅವರು ಅಶೋಕನಗರ ಠಾಣೆಗೆ ದೂರು ಕೊಟ್ಟರು. ಆಮೇಲೂ ಬಹುಕಾಲ ಏನೂ ಆಗಲಿಲ್ಲ. ಆದರೆ ಆ ದೂರು ದಾಖಲೆಯಲ್ಲಿ ಉಳಿಯಿತು, ಮಗಳೂ ಕೇಳುವುದನ್ನು ನಿಲ್ಲಿಸಲಿಲ್ಲ.

1994ರ ಮಾರ್ಚ್‌ನಲ್ಲಿ ನಗರದ ಕೇಂದ್ರ ಅಪರಾಧ ವಿಭಾಗದ ಪೊಲೀಸರು ತನಿಖೆ ಕೈಗೆತ್ತಿಕೊಂಡರು. ಕುಡಿದ ಮತ್ತಿನಲ್ಲಿ ಒಬ್ಬ ಆಡಿದ ಮಾತು ಕಾನ್‌ಸ್ಟೆಬಲ್ ಒಬ್ಬರ ಕಿವಿಗೆ ಬಿದ್ದದ್ದೇ ದಾರಿ ತೋರಿಸಿತು ಎನ್ನುವುದು ಆ ಕಾಲದಿಂದ ಹೇಳಿಕೊಂಡು ಬಂದ ಸಂಗತಿ. ಮಾರ್ಚ್ 30ರಂದು ಅದೇ ಮನೆಯಲ್ಲಿ, ಮಲಗುವ ಕೋಣೆಗೆ ಹೊಂದಿಕೊಂಡ ಜಾಗದಲ್ಲಿ, ಕಲ್ಲಿನ ಚಪ್ಪಡಿ ಎಬ್ಬಿಸಿ ಅಗೆದರು. ಮರದ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಅಸ್ಥಿಪಂಜರ ಇತ್ತು. ಡಿಎನ್‌ಎ ಪರೀಕ್ಷೆ ಗುರುತನ್ನು ಗಟ್ಟಿ ಮಾಡಿತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2008ರ ಜುಲೈ 22ರಂದು, ಶ್ರದ್ಧಾನಂದನಿಗೆ ಬದುಕಿರುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆಯ ತೀರ್ಪು ಬಂತು.

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲೂ ಹೆಚ್ಚುಕಡಿಮೆ ಹೀಗೇ ಆಯಿತು. ನಾರ್ಬರೊ ಎಂಬ ಹಳ್ಳಿಯಲ್ಲಿ 1983ರಲ್ಲಿ 15 ವರ್ಷದ ಹುಡುಗಿಯೊಬ್ಬಳ ಕೊಲೆಯಾಯಿತು. ಕೊಂದವನು ಸಿಗಲಿಲ್ಲ. 1986ರಲ್ಲಿ ಪಕ್ಕದ ಎಂಡರ್ಬಿಯಲ್ಲಿ ಅದೇ ವಯಸ್ಸಿನ ಇನ್ನೊಬ್ಬ ಹುಡುಗಿ ಬಲಿಯಾದಳು. ಪೊಲೀಸರು ಲೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿ ಅಲೆಕ್ ಜೆಫ್ರಿಸ್ ಅವರ ಹೊಸ ಡಿಎನ್‌ಎ ವಿಧಾನದ ಮೊರೆ ಹೋದರು. ಎರಡೂ ಕೊಲೆ ಒಬ್ಬನವೇ ಎಂದು ಗೊತ್ತಾಯಿತು. ಸುತ್ತಲಿನ ಊರುಗಳ ಸಾವಿರಾರು ಗಂಡಸರ ರಕ್ತದ ಮಾದರಿ ಸಂಗ್ರಹಿಸಿದರು. ಯಾರದೂ ಹೊಂದಲಿಲ್ಲ. ಏಕೆಂದರೆ ಬೇಕರಿ ಕೆಲಸಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲಿಗೆ ಸಹೋದ್ಯೋಗಿಯೊಬ್ಬನನ್ನು ರಕ್ತ ಕೊಡಲು ಕಳಿಸಿದ್ದ.

ಆ ಸಹೋದ್ಯೋಗಿ 1987ರಲ್ಲಿ ಒಂದು ದಿನ ಪಬ್‌ನಲ್ಲಿ ಕೂತು ಈ ಗುಟ್ಟು ಆಡಿಬಿಟ್ಟ. ಜೊತೆಗಿದ್ದ ಮಹಿಳೆಯೊಬ್ಬರು ಕೇಳಿಸಿಕೊಂಡರು. ಕೂಡಲೇ ಠಾಣೆಗೆ ಓಡಲಿಲ್ಲ. ಕೆಲವು ವಾರ ಮನಸ್ಸಿನಲ್ಲೇ ಇಟ್ಟುಕೊಂಡರು. ಕೊನೆಗೆ ಹೇಳಿದರು. ಸೆಪ್ಟೆಂಬರ್‌ನಲ್ಲಿ ಪಿಚ್‌ಫೋರ್ಕ್ ಸೆರೆಯಾದ. 1988ರ ಜನವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು. ಡಿಎನ್‌ಎ ಆಧಾರದ ಮೇಲೆ ಕೊಲೆಗಾರನೊಬ್ಬನಿಗೆ ಶಿಕ್ಷೆಯಾದದ್ದು ಜಗತ್ತಿನಲ್ಲೇ ಮೊದಲು ಎಂದು ಈ ಪ್ರಕರಣ ಪುಸ್ತಕಗಳಲ್ಲಿ ಸೇರಿಕೊಂಡಿದೆ. ವಿಜ್ಞಾನಕ್ಕೆ ಆ ಹೆಸರು ಸಲ್ಲಲೇಬೇಕು. ಆದರೆ ಆ ಮಹಿಳೆ ಬಾಯಿ ಬಿಡದಿದ್ದರೆ ಸಂಗ್ರಹಿಸಿದ ಅಷ್ಟೂ ರಕ್ತದಲ್ಲಿ ಉತ್ತರ ಇರಲಿಲ್ಲ.

ಈಗ ನಿಮ್ಮೊಡನೆ ನೇರವಾಗಿ ಮಾತಾಡುತ್ತೇನೆ.

ನಿಮ್ಮ ಊರಿನಲ್ಲೋ ಬೀದಿಯಲ್ಲೋ ನಡೆದ ಹಳೆಯ ಸಾವೊಂದರ ಬಗ್ಗೆ ನಿಮಗೆ ಏನಾದರೂ ಗೊತ್ತಿರಬಹುದು. ಆ ರಾತ್ರಿ ಕಂಡ ಬೈಕು, ಮರುದಿನವೇ ಬಾಡಿಗೆ ಮನೆ ಬಿಟ್ಟು ಹೋದವರು, ಮದುವೆ ಮನೆಯಲ್ಲಿ ಯಾರೋ ಬಾಯಿತಪ್ಪಿ ಆಡಿದ ಮಾತು. ಇದೇನು ದೊಡ್ಡ ವಿಷಯ ಎಂದು ನೀವು ಸುಮ್ಮನಾಗಿರಬಹುದು. ಆಗ ಹೇಳಲಿಲ್ಲ, ಈಗ ಹೇಳಿದರೆ ನನ್ನನ್ನೇ ಹಿಡಿದುಕೊಂಡಾರು ಎಂಬ ಅಳುಕೂ ಇರಬಹುದು. ಆ ಅಳುಕು ಸಹಜ. ಆದರೂ ದಯವಿಟ್ಟು ಹೇಳಿ. ಅದು ದೊಡ್ಡದೋ ಸಣ್ಣದೋ ಎಂದು ತೂಗುವ ಕೆಲಸ ತನಿಖಾಧಿಕಾರಿಗೆ ಬಿಡಿ. ನಿಮ್ಮಲ್ಲಿರುವುದು ಒಂದು ಬಿಡಿ ಸಂಗತಿ. ಅದು ಯಾವುದಕ್ಕೆ ಕೂಡಿಕೊಳ್ಳುತ್ತದೆ ಎಂಬುದು ಕಡತ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಕಾಲ ಮೀರಿತು ಎಂದು ಹಿಂಜರಿಯಬೇಡಿ. ನಮ್ಮ ಕಾನೂನಿನಲ್ಲಿ ಕೊಲೆ ಅಪರಾಧಕ್ಕೆ ಕಾಲಮಿತಿ ಇಲ್ಲ. ಐದು ವರ್ಷವಾಗಲಿ, ಮೂವತ್ತು ವರ್ಷವಾಗಲಿ, ಹೊಸ ಸಾಕ್ಷ್ಯ ಸಿಕ್ಕರೆ ತನಿಖೆ ಮುಂದುವರಿಸಬಹುದು. ಕೊಲೆಯಂಥ ಅಪರಾಧದ ಬಗ್ಗೆ ತಿಳಿದವರು ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂ ಹೇಳುತ್ತದೆ. ಮೊದಲು ಮನೆಯಲ್ಲಿ ಕೂತು, ನೆನಪಿರುವುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರಿಂದ ಕೇಳಿದ್ದು ಯಾವುದು ಎಂದು ಬೇರೆ ಬೇರೆ ಬರೆಯಿರಿ. ಠಾಣೆಗೆ ಹೋಗಲು ಮುಜುಗರವಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಪರಿಚಯದ ವಕೀಲರನ್ನು ಜೊತೆಗೆ ಕರೆದುಕೊಂಡು ಹೋಗಬಹುದು.

ಇನ್ನು ಜೋಪಾನ ಮಾಡುವ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 1970 ಮತ್ತು 80ರ ದಶಕಗಳಲ್ಲಿ ಒಬ್ಬನೇ ವ್ಯಕ್ತಿ 13 ಕೊಲೆ, ಹತ್ತಾರು ಅತ್ಯಾಚಾರ ಮಾಡಿ ತಪ್ಪಿಸಿಕೊಂಡಿದ್ದ. ಪಾಲ್ ಹೋಲ್ಸ್ ಎಂಬ ಅಧಿಕಾರಿ 1994ರಲ್ಲಿ ಆ ಹಳೆಯ ಕಡತ ಕೈಗೆತ್ತಿಕೊಂಡವರು ನಿವೃತ್ತಿಯವರೆಗೂ ಬಿಡಲಿಲ್ಲ. ಮಿಷೆಲ್ ಮೆಕ್‌ನಮಾರ ಎಂಬ ಬರಹಗಾರ್ತಿ ಮಗಳು ಮಲಗಿದ ಮೇಲೆ ರಾತ್ರಿಯೆಲ್ಲ ಕೂತು ಅದರ ಬೆನ್ನು ಹತ್ತಿದರು. ಸಂತ್ರಸ್ತರನ್ನು ಕಂಡರು, ನಿವೃತ್ತ ಪೊಲೀಸರೊಡನೆ ಸ್ನೇಹ ಬೆಳೆಸಿದರು, ಕೈಗೆ ಸಿಕ್ಕ ಮಾಹಿತಿಯನ್ನು ತನಿಖೆಯವರ ಮುಂದಿಟ್ಟರು. 2016ರಲ್ಲಿ ಅವರು ತೀರಿಕೊಂಡರು. ಎರಡು ವರ್ಷದ ಮೇಲೆ, 2018ರ ಏಪ್ರಿಲ್ 24ರಂದು, ಮಾಜಿ ಪೊಲೀಸ್ ಜೋಸೆಫ್ ಡಿಆ್ಯಂಜೆಲೊ ಸೆರೆಯಾದ. ಮೆಕ್‌ನಮಾರ ಈ ಪ್ರಕರಣದ ಬಗ್ಗೆ ಬರೆದ ಪುಸ್ತಕದಿಂದ ಅವನ ಹೆಸರು ಸಿಗಲಿಲ್ಲ ಎಂದು ಪೊಲೀಸರೇ ಸ್ಪಷ್ಟಪಡಿಸಿದರು. ಅದರಿಂದ ಅವರ ಶ್ರಮಕ್ಕೆ ಕುಂದಿಲ್ಲ. ಜನ ಮರೆತಿದ್ದ ಪ್ರಕರಣವನ್ನು ಮತ್ತೆ ಜನರ ಬಾಯಲ್ಲಿ ಆಡಿಸಿದವರು ಅವರು.

ಹೆಸರು ಸಿಕ್ಕಿದ್ದು ಹೇಗೆ ಎಂದು ಕೇಳಿದರೆ, 1980ರಲ್ಲಿ ವೆಂಚುರಾ ಕೌಂಟಿಯಲ್ಲಿ ನಡೆದ ಜೋಡಿ ಕೊಲೆಯತ್ತ ಹೋಗಬೇಕು. ಅಲ್ಲಿ ಶವಪರೀಕ್ಷೆ ಮಾಡಿದ ವೈದ್ಯರಿಗೆ ಮಾದರಿಗಳನ್ನು ಎರಡೆರಡು ಪ್ರತಿ ತೆಗೆದಿಡುವ ರೂಢಿ ಇತ್ತು. ಒಂದು ಪ್ರಯೋಗಾಲಯಕ್ಕೆ ಹೋಯಿತು. ಇನ್ನೊಂದು ಶೀತಲಪೆಟ್ಟಿಗೆಯಲ್ಲಿ ದಶಕಗಳ ಕಾಲ ಹಾಗೇ ಉಳಿಯಿತು. ತೆಗೆದಿಟ್ಟಾಗ ಡಿಎನ್‌ಎ ಪರೀಕ್ಷೆ ಎಂಬುದೇ ಇರಲಿಲ್ಲ. ಆ ಎರಡನೇ ಪೊಟ್ಟಣದಿಂದ ಸಿಕ್ಕ ಡಿಎನ್‌ಎಯನ್ನು ವಂಶಾವಳಿ ಹುಡುಕುವ ಜಾಲತಾಣದಲ್ಲಿ ಹೋಲಿಸಿ, ವಂಶವಿಜ್ಞಾನಿ ಬಾರ್ಬರಾ ರೇ-ವೆಂಟರ್ ಅವರ ನೆರವಿನಿಂದ ದೂರದ ನೆಂಟರ ಮೂಲಕ ವಂಶವೃಕ್ಷ ಬರೆದು, ಡಿಆ್ಯಂಜೆಲೊನ ಮನೆ ಬಾಗಿಲಿಗೆ ಬಂದರು. 2020ರಲ್ಲಿ ಆತ 13 ಕೊಲೆಗಳನ್ನೂ ಒಪ್ಪಿಕೊಂಡ. ಅಂದು ಎರಡನೇ ಪ್ರತಿ ತೆಗೆದಿಟ್ಟ ವೈದ್ಯರಿಗೆ ಇದು ಮುಂದೊಂದು ದಿನ ಇಂಥ ಕೆಲಸಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ. ಅವರು ತಮ್ಮ ನಿತ್ಯದ ಕೆಲಸವನ್ನು ಕ್ರಮವಾಗಿ ಮಾಡಿದ್ದರು, ಅಷ್ಟೇ.

ನಮ್ಮಲ್ಲೂ ಇಂಥ ಉದಾಹರಣೆ ಇದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಡಾ. ಎಂ.ಎಂ. ಕಲಬುರ್ಗಿ ಅವರಿಗೆ ಗುಂಡಿಕ್ಕಿದರು. ಎರಡು ವರ್ಷ ಕಳೆದರೂ ತನಿಖೆ ಮುಂದೆ ಸಾಗಲಿಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಎರಡೂ ಕಡೆ ಸಿಕ್ಕ ಗುಂಡು, ಕಾಡತೂಸುಗಳನ್ನು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಿದಾಗ, ಒಂದೇ ನಾಡಪಿಸ್ತೂಲು ಬಳಕೆಯಾಗಿದೆ ಎಂಬ ವರದಿ ಬಂತು. ಕಲಬುರ್ಗಿಯವರ ಪತ್ನಿ ಉಮಾದೇವಿ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. 2019ರ ಫೆಬ್ರುವರಿಯಲ್ಲಿ ಕೋರ್ಟ್ ಆ ತನಿಖೆಯನ್ನು ಗೌರಿ ಪ್ರಕರಣದ ವಿಶೇಷ ತನಿಖಾ ತಂಡಕ್ಕೇ ಒಪ್ಪಿಸಿತು. ಅದೇ ವರ್ಷ ಆರೋಪಪಟ್ಟಿ ಸಲ್ಲಿಕೆಯಾಯಿತು. ಯಾರು ತಪ್ಪಿತಸ್ಥರೆಂದು ಹೇಳುವುದು ನ್ಯಾಯಾಲಯದ ಕೆಲಸ. ಆದರೆ ನಿಂತುಹೋಗಿದ್ದ ಕಡತ ನಡೆಯತೊಡಗಿದ್ದು ಬೆರಳುದ್ದವೂ ಇಲ್ಲದ ಹಿತ್ತಾಳೆಯ ಚೂರುಗಳನ್ನು ಕಳೆಯದೆ ಇಟ್ಟಿದ್ದರಿಂದ, ಮತ್ತು ಒಬ್ಬ ಹೆಣ್ಣುಮಗಳು ಕೈಚೆಲ್ಲಿ ಕೂರದಿದ್ದರಿಂದ.

ಹಾಗಾಗಿ ನನ್ನ ಎರಡನೇ ಕೋರಿಕೆ ಇದು. ಎಲ್ಲಾದರೂ ಅನುಮಾನಾಸ್ಪದ ಸಾವು ನಡೆದ ಸುದ್ದಿ ಬಂದರೆ ನಾವು ನೋಡಲು ಓಡುವುದುಂಟು. ಅಯ್ಯೋ ಪಾಪ ಎಂಬ ಮರುಕದಿಂದಲೇ ಹೋಗುತ್ತೇವೆ. ಆದರೆ ಅಲ್ಲಿ ಇಟ್ಟ ಪ್ರತಿ ಹೆಜ್ಜೆ ಇನ್ನೊಂದು ಹೆಜ್ಜೆಗುರುತನ್ನು ಅಳಿಸುತ್ತದೆ. ದೂರ ನಿಲ್ಲಿ. ಇತರರನ್ನೂ ನಿಧಾನವಾಗಿ ಹೇಳಿ ದೂರ ನಿಲ್ಲಿಸಿ. ಜೀವ ಉಳಿಸುವ ಪ್ರಯತ್ನವೊಂದನ್ನು ಬಿಟ್ಟರೆ ಏನನ್ನೂ ಮುಟ್ಟಬೇಡಿ. ರಕ್ತದ ಕಲೆ ತೊಳೆಯಬೇಡಿ, ಬಿದ್ದ ಚಪ್ಪಲಿ ಎತ್ತಿಡಬೇಡಿ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಎಂದು 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಇದನ್ನು ಪೂರ್ತಿಯಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ತಜ್ಞರು ಬರುವ ಹೊತ್ತಿಗೆ ಅಲ್ಲಿ ಸಂಗ್ರಹಿಸಲು ಏನಾದರೂ ಉಳಿದಿರಬೇಕಲ್ಲವೇ?

ಮನೆಯವರು ಯಾರಾದರೂ ಕಾಣೆಯಾಗಿದ್ದರೆ ಅವರ ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ದಂತವೈದ್ಯರ ಬಳಿ ತೆಗೆಸಿದ ಎಕ್ಸ್‌-ರೇ, ನಗುವಾಗ ಹಲ್ಲು ಕಾಣುವ ಒಂದು ಫೋಟೊ ಎತ್ತಿಡಿ. ಬ್ರಷ್ಷನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ. ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ಕಾಣೆಯಾದವರು ಕ್ಷೇಮವಾಗಿ ಮರಳಿದರೆ ಅದಕ್ಕಿಂತ ಸಂತೋಷ ಇಲ್ಲ. ಮರಳದಿದ್ದರೆ ಆ ಲಕೋಟೆ ಅವರ ಪರವಾಗಿ ಮಾತಾಡುತ್ತದೆ. ಹಾಗೆಯೇ ಠಾಣೆ, ನ್ಯಾಯಾಲಯಗಳಲ್ಲಿ ಮುದ್ದೆಮಾಲು ಇಡುವ ಕೋಣೆ ಸೋರದಂತೆ, ಇಲಿ ಗೆದ್ದಲು ಸೇರದಂತೆ ಇರಬೇಕು. ಶಾಸಕರು ನಿಮ್ಮ ಊರಿಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಒಮ್ಮೆ ಕೇಳಿ. ಜನ ಕೇಳಿದ್ದಕ್ಕೆ ಹಣ ಮೀಸಲಾಗುತ್ತದೆ.

ಪತ್ರಿಕೆಯ ಒಳಪುಟದಲ್ಲಿ ಒಂದು ಪುಟ್ಟ ಚೌಕ ಬರುತ್ತದೆ. ‘ಅಪರಿಚಿತ ಶವ ಪತ್ತೆ’ ಎಂಬ ಶೀರ್ಷಿಕೆ. ಅದರ ಕೆಳಗೆ ಸುಮಾರು ಇಷ್ಟು ವಯಸ್ಸು, ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೈ ಮೇಲೆ ಹಚ್ಚೆ, ತುಂಬುತೋಳಿನ ಶರಟು. ಕೊನೆಯಲ್ಲಿ ವಾರಸುದಾರರು ಸಂಪರ್ಕಿಸಬೇಕಾದ ಠಾಣೆಯ ದೂರವಾಣಿ ಸಂಖ್ಯೆ. ನಾವು ಅದನ್ನು ಓದುವುದೇ ಇಲ್ಲ. ಕಣ್ಣು ನೇರವಾಗಿ ಕ್ರಿಕೆಟ್ ಪುಟಕ್ಕೆ ಹೋಗುತ್ತದೆ. ಆದರೆ ಸತ್ತವರು ಯಾರೆಂದೇ ತಿಳಿಯದಿದ್ದರೆ ಕೊಲೆಯ ತನಿಖೆ ಎಲ್ಲಿಂದ ಶುರುವಾಗಬೇಕು? ಅವರೊಡನೆ ಯಾರಿಗೆ ಜಗಳವಿತ್ತು, ಕೊನೆಗೆ ಯಾರ ಜೊತೆ ಹೊರಟರು ಎಂದು ಯಾರ ಬಳಿ ಕೇಳಬೇಕು? ದಯವಿಟ್ಟು ನಾಳೆಯಿಂದ ಆ ಚೌಕವನ್ನು ಒಮ್ಮೆ ಓದಿ. ಅರ್ಧ ನಿಮಿಷ ಸಾಕು. ನಿಮ್ಮ ತೋಟಕ್ಕೆ, ಕಟ್ಟಡ ಕೆಲಸಕ್ಕೆ, ಹೋಟೆಲಿಗೆ ಬಂದು ಹೋಗುತ್ತಿದ್ದ ಯಾರದೋ ಗುರುತು ಅಲ್ಲಿರಬಹುದು.

ಈಗ ಕೊಲೆಯಾದವರ ಮನೆಯವರಿಗೆ ಒಂದೆರಡು ಮಾತು. ಅಪರಾಧ ನಡೆದಿದೆ ಆದರೆ ಆರೋಪಿ ಪತ್ತೆಯಾಗಲಿಲ್ಲ ಎಂದು ಪೊಲೀಸರು ನ್ಯಾಯಾಲಯಕ್ಕೆ ಕೊಡುವುದು ‘ಸಿ ರಿಪೋರ್ಟ್’. ಅದು ಬಂತೆಂದರೆ ಎಲ್ಲ ಮುಗಿಯಿತು ಎಂದು ಬಹಳ ಮಂದಿ ತಿಳಿಯುತ್ತಾರೆ. ಹಾಗಲ್ಲ. ಪೊಲೀಸರ ಮುಕ್ತಾಯ ವರದಿಯನ್ನು ಒಪ್ಪುವ ಮೊದಲು ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ನೀವು ತಕರಾರು ಅರ್ಜಿ ಹಾಕಬಹುದು. ವರದಿ ಸಲ್ಲಿಕೆಯಾದ ಮೇಲೂ ಹೊಸ ಸುಳಿವು ಸಿಕ್ಕರೆ ಪೊಲೀಸರು ಹೆಚ್ಚಿನ ತನಿಖೆ ನಡೆಸಲು ಕಾನೂನು ದಾರಿ ಬಿಟ್ಟಿದೆ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕೆಂದೂ ಹೊಸ ಸಂಹಿತೆಯಲ್ಲಿದೆ. ಇದನ್ನು ಕೇಳುವುದು ನಿಮ್ಮ ಹಕ್ಕು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 15100 ಸಂಖ್ಯೆಗೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಇದೆ. ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಕೊಂದವರು ಪತ್ತೆಯಾಗದೆ, ವಿಚಾರಣೆಯೇ ನಡೆಯದಿದ್ದರೂ ಸತ್ತವರ ಅವಲಂಬಿತರು ಪರಿಹಾರಕ್ಕೆ ಇದೇ ಪ್ರಾಧಿಕಾರದಲ್ಲಿ ಅರ್ಜಿ ಹಾಕಬಹುದು. ಹೋದ ಜೀವಕ್ಕೆ ಹಣ ಸಮವಲ್ಲ. ಆದರೆ ಮಕ್ಕಳ ಓದು ನಿಲ್ಲಬಾರದಲ್ಲ. ಇಂಥ ಮನೆ ನಿಮ್ಮ ನೆರೆಯಲ್ಲಿದ್ದರೆ ಈ ಮಾತನ್ನು ಅವರಿಗೆ ತಲುಪಿಸಿ, ಅರ್ಜಿ ಬರೆದುಕೊಡಿ.

ಸಾಕ್ಷಿ ಹೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕೇರಳದ ಕೊಟ್ಟಾಯಂನಲ್ಲಿ 1992ರ ಮಾರ್ಚ್ 27ರಂದು ಸಿಸ್ಟರ್ ಅಭಯಾ ಅವರ ಶವ ಕಾನ್ವೆಂಟಿನ ಬಾವಿಯಲ್ಲಿ ಸಿಕ್ಕಿತು. ಸ್ಥಳೀಯ ಪೊಲೀಸರು ಆತ್ಮಹತ್ಯೆ ಎಂದರು. ಸಿಬಿಐ ಕೂಡ ಪ್ರಕರಣ ಮುಗಿಸಲು ಒಂದಕ್ಕಿಂತ ಹೆಚ್ಚು ಬಾರಿ ವರದಿ ಕೊಟ್ಟಿತು. ನ್ಯಾಯಾಲಯ ಒಪ್ಪಲಿಲ್ಲ. ಆ ರಾತ್ರಿ ತಾಮ್ರ ಕದಿಯಲು ಕಾನ್ವೆಂಟಿಗೆ ನುಗ್ಗಿದ್ದ ಕಳ್ಳನೊಬ್ಬ ತಾನು ಕಂಡದ್ದನ್ನು ಹೇಳಿದ. ಹೆದರಿಸಿದರೂ, ಹಣದ ಆಸೆ ತೋರಿಸಿದರೂ ಮಾತು ಬದಲಿಸಲಿಲ್ಲ. 28 ವರ್ಷಗಳ ಮೇಲೆ, 2020ರ ಡಿಸೆಂಬರ್‌ನಲ್ಲಿ, ವಿಶೇಷ ನ್ಯಾಯಾಲಯ ಇಬ್ಬರನ್ನು ತಪ್ಪಿತಸ್ಥರೆಂದಿತು. ಅವರು ಮೇಲ್ಮನವಿ ಸಲ್ಲಿಸಿದರು, 2022ರಲ್ಲಿ ಕೇರಳ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಂತಿಮವಾಗಿ ಏನೇ ಆಗಲಿ, ಕಳ್ಳತನಕ್ಕೆ ಹೋದವನೊಬ್ಬ ಸಾಕ್ಷಿಕಟ್ಟೆಯಲ್ಲಿ ನಿಂತು ಆಡಿದ ಮಾತಿಗೆ ಅಂಟಿಕೊಂಡ ರೀತಿ ನೆನಪಿಡುವಂಥದ್ದು.

ಸಾಕ್ಷಿಗಳನ್ನು ಒಂಟಿಯಾಗಿ ಬಿಡದಿರುವುದು ನಮ್ಮ ಕೈಲಿದೆ. ಸಮನ್ಸ್ ಬಂದಾಗ ನೀವು ತಪ್ಪದೆ ಹೋಗಿ. ಮಹಜರಿಗೆ ಪಂಚರಾಗಿ ಕರೆದರೆ ಪೂರ್ತಿ ಓದಿಸಿಕೊಂಡು, ನಿಜವಿದ್ದರೆ ಸಹಿ ಹಾಕಿ. ನಿಮ್ಮ ಅಂಗಡಿ, ಕಾರ್ಖಾನೆಯ ಕೆಲಸದವರಿಗೆ ಸಾಕ್ಷಿ ಹೇಳುವ ದಿನ ಸಂಬಳ ಹಿಡಿಯದೆ ರಜೆ ಕೊಡಿ. ನೆರೆಯವರು ಕೋರ್ಟಿಗೆ ಹೊರಟರೆ ಜೊತೆಗೆ ಹೋಗಿ ಬನ್ನಿ. ಬೆದರಿಕೆ ಇದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ. ಸುಪ್ರೀಂ ಕೋರ್ಟ್ ಅನುಮೋದಿಸಿದ ಯೋಜನೆ ಅದು. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಅರ್ಜಿಯನ್ನು ಪರಿಶೀಲಿಸಿ, ಅಗತ್ಯ ಕಂಡರೆ ರಕ್ಷಣೆಗೆ ಆದೇಶಿಸುತ್ತದೆ.

ಕೊನೆಯದಾಗಿ ಸಂಯಮದ ಮಾತು. ನಾರ್ಬರೊ ಪ್ರಕರಣದಲ್ಲಿ ನಾನು ಇನ್ನೂ ಹೇಳದ ಒಂದು ಸಂಗತಿಯಿದೆ. ಎರಡನೇ ಕೊಲೆಯ ನಂತರ ಪೊಲೀಸರು 17 ವರ್ಷದ ಹುಡುಗನೊಬ್ಬನನ್ನು ಹಿಡಿದಿದ್ದರು. ಅವನು ತಪ್ಪೊಪ್ಪಿಗೆಯನ್ನೂ ಕೊಟ್ಟಿದ್ದ. ಊರಿನವರಿಗೆ ಅಷ್ಟು ಸಾಕಾಗುತ್ತಿತ್ತು. ಆದರೆ ಡಿಎನ್‌ಎ ಅವನದಾಗಿರಲಿಲ್ಲ. ಹೊಸ ವಿಜ್ಞಾನ ಕೊಲೆಗಾರನನ್ನು ಹಿಡಿದುಕೊಡುವ ಮೊದಲು ಒಬ್ಬ ನಿರಪರಾಧಿಯನ್ನು ಬಿಡಿಸಿತು. ಅಂದು ವಾಟ್ಸ್‌ಆ್ಯಪ್ ಇದ್ದಿದ್ದರೆ ಆ ಹುಡುಗನ ಫೋಟೊ ಎಷ್ಟು ಗುಂಪುಗಳಲ್ಲಿ ಸುತ್ತುತ್ತಿತ್ತೋ ಯೋಚಿಸಿ.

ಆದ್ದರಿಂದ ಊಹೆಯನ್ನು ಹೆಸರಿನೊಂದಿಗೆ ಹಂಚಬೇಡಿ. ನಿಮಗೆ ಅನುಮಾನವಿದ್ದರೆ ಅದು ತನಿಖಾಧಿಕಾರಿಗೆ ತಲುಪಲಿ, ಗುಂಪಿಗಲ್ಲ. ಶವದ ಚಿತ್ರ, ಮನೆಯವರು ಗೋಳಾಡುವ ವಿಡಿಯೊ ಬಂದರೆ ಮುಂದಕ್ಕೆ ಕಳಿಸದೆ ಅಲ್ಲೇ ಅಳಿಸಿ. ಸತ್ತ ಹೆಣ್ಣುಮಗಳ ನಡತೆಯ ಬಗ್ಗೆ ಯಾರಾದರೂ ಮಾತು ತೆಗೆದರೆ, ಅದು ಬೇಡ ಎಂದು ಸೌಮ್ಯವಾಗಿ ಹೇಳಿ. ಯೂಟ್ಯೂಬ್, ಪಾಡ್‌ಕಾಸ್ಟ್ ಮಾಡುವ ಗೆಳೆಯರಲ್ಲಿಯೂ ಇದೇ ವಿನಂತಿ. ಕತೆ ಹೇಳುವ ಮೊದಲು ಆ ಮನೆಯವರನ್ನು ಒಂದು ಮಾತು ಕೇಳಿ. ಕೊನೆಯಲ್ಲಿ ಠಾಣೆಯ ಸಂಖ್ಯೆ ಹಾಕಿ, ಮಾಹಿತಿ ಇದ್ದವರು ತಿಳಿಸಿ ಎನ್ನಿ. ನಿಮ್ಮ ಕೇಳುಗರಲ್ಲೇ ಒಬ್ಬರಿಗೆ ಏನಾದರೂ ಗೊತ್ತಿರಬಹುದು.

ಹಳೆಯ ಕಡತ ಹಿಡಿದು ಕೂತ ಅಧಿಕಾರಿಗಳಿಗೂ ನಮ್ಮ ಬೆಂಬಲ ಬೇಕು. ಬಂದೋಬಸ್ತು, ಹೊಸ ಪ್ರಕರಣ, ವರ್ಗಾವಣೆಗಳ ನಡುವೆ ಹತ್ತು ವರ್ಷದ ಹಿಂದಿನ ಕೊಲೆಯನ್ನು ನೆನೆಯುವವರು ಕಡಿಮೆ. ನೆನೆಯುವವರಿಗೆ ಶಹಬ್ಬಾಸ್ ಹೇಳುವವರು ಇನ್ನೂ ಕಡಿಮೆ. ಅಂಥ ಅಧಿಕಾರಿಯೊಬ್ಬರು ನಿಮ್ಮ ಜಿಲ್ಲೆಯಲ್ಲಿದ್ದರೆ ಅವರ ಮೇಲಧಿಕಾರಿಗೆ ನಾಲ್ಕು ಸಾಲು ಬರೆಯಿರಿ. ನಿವೃತ್ತ ಪೊಲೀಸರೇ, ನಿಮ್ಮನ್ನು ಈಗಲೂ ಕಾಡುವ ಪ್ರಕರಣವೊಂದಿದ್ದರೆ ಇಂದಿನ ತನಿಖಾಧಿಕಾರಿಯನ್ನು ಭೇಟಿಯಾಗಿ. ನಿಮ್ಮ ತಲೆಯಲ್ಲಿರುವ ಅರ್ಧ ವಿಷಯ ಕೇಸ್ ಡೈರಿಯಲ್ಲಿ ಇರುವುದಿಲ್ಲ. ಓದುತ್ತಿರುವ ಯುವಕ ಯುವತಿಯರೇ, ವಿಧಿವಿಜ್ಞಾನ, ಕಾನೂನು ನಿಮಗೆ ಇಷ್ಟವಾದರೆ ಆ ದಾರಿ ಹಿಡಿಯಿರಿ. ಪ್ರಯೋಗಾಲಯಗಳಿಗೆ ಕೈಗಳು ಬೇಕಾಗಿವೆ.

ಓದುಗ ಬಂಧುಗಳೇ, ಕೊಲೆಯ ಕತೆಗಳನ್ನು ಇನ್ನು ಮುಂದೆಯೂ ಓದೋಣ, ಕೇಳೋಣ. ಜೊತೆಗೆ ಈ ವಾರ ಒಂದು ಕೆಲಸ ಮಾಡೋಣ. ನಿಮ್ಮ ಊರಿನಲ್ಲಿ ಪತ್ತೆಯಾಗದೆ ಉಳಿದ ಒಂದು ಸಾವು ನಿಮಗೆ ನೆನಪಿದ್ದೀತು. ಆ ಮನೆಯವರು ಒಪ್ಪಿದರೆ ಹೋಗಿ ಮಾತಾಡಿಸಿ. ಪ್ರಕರಣದ ಸಂಖ್ಯೆ, ಎಫ್‌ಐಆರ್ ಪ್ರತಿ ಅವರ ಬಳಿ ಇದೆಯೇ ಕೇಳಿ. ಇಲ್ಲದಿದ್ದರೆ ಠಾಣೆಗೆ ಜೊತೆಯಾಗಿ ಹೋಗಿ, ತನಿಖೆ ಯಾವ ಹಂತದಲ್ಲಿದೆ ಎಂದು ವಿನಯದಿಂದ ವಿಚಾರಿಸಿ, ಸಿಕ್ಕ ಉತ್ತರವನ್ನು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ಮೂರು ತಿಂಗಳ ಮೇಲೆ ಮತ್ತೆ ಹೋಗಿ. ಕೇಳುವವರು ಇದ್ದಾರೆ ಎಂದು ಗೊತ್ತಾದ ಕಡತವನ್ನು ಕಪಾಟಿನ ತಳಕ್ಕೆ ತಳ್ಳುವುದು ಯಾರಿಗೂ ಸುಲಭವಲ್ಲ. ನೀವು ಕೇಳುವವರಾಗುತ್ತೀರಿ ಎಂಬ ನಂಬಿಕೆಯಿಂದಲೇ ಇಷ್ಟೆಲ್ಲ ಬರೆದಿದ್ದೇನೆ.